ಹಂಡೆಯ ಬುಡಕ್ಕೆ ಗ್ಯಾಸೋ, ಕಟ್ಟಿಗೆಯೋ?

ಊರ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಈಗೀಗ ಒಂದು ಹೊಸ ಮಾತು ಸೇರಿಕೊಂಡಿದೆ. ಹೆಸರಿನ ದರ, ಕಡಲೆಗೆ ತಗುಲಿದ ಹುಳ, ತಾಲೂಕು ಕಚೇರಿಯ ಅಲೆದಾಟ ಇವೆಲ್ಲ ಮುಗಿದ ಮೇಲೆ ಯಾರಾದರೊಬ್ಬರು ತೆಗೆದೇ ತೆಗೆಯುತ್ತಾರೆ: 'ಬಚ್ಚಲ ಒಲಿ ಕಿತ್ತಿ ಗ್ಯಾಸಿನ ಗೀಜರ್ ಹಾಕಸಬೇಕಂತ ಮಾಡೇನಿ, ಹೆಂಗಂತಿ?' ಹತ್ತು ಮಂದಿ ಹತ್ತು ಉತ್ತರ ಕೊಡುತ್ತಾರೆ. ಒಬ್ಬ ಹಾಕಿಸಿಬಿಡು ಅನ್ನುತ್ತಾನೆ. ಇನ್ನೊಬ್ಬ 'ಕರೆಂಟ್ ಪುಕ್ಕಟೆ ಐತೆಲ್ಲೋ, ಕಾಯಿಲ್ ಬಿಡು' ಅನ್ನುತ್ತಾನೆ. ಮತ್ತೊಬ್ಬ ನಮ್ಮಜ್ಜ ಹಂಡೆ ನೀರಿನಾಗ ಜಳಕ ಮಾಡೇ ತೊಂಬತ್ತು ವರ್ಷ ಬದುಕಿದ ಎಂದು ಬೀಡಿ ಹಚ್ಚುತ್ತಾನೆ. ಈ ಚರ್ಚೆಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ ಎಂಬುದು ಮಾತ್ರ ಯಾರ ಲಕ್ಷ್ಯಕ್ಕೂ ಬಂದಂತೆ ಕಾಣುವುದಿಲ್ಲ.

ಇದು ಲಕ್ಕಲಕಟ್ಟಿಯೊಂದರ ಮಾತಲ್ಲ. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕಿನ ಯಾವ ಊರಿಗೆ ಹೋದರೂ ಇದೇ ಪಾಡು. ಗಜೇಂದ್ರಗಡದ ಗುಡ್ಡದ ನೆತ್ತಿಯ ಮೇಲೆ ಗಾಳಿಯ ಪಂಖಗಳು ಹಗಲು ರಾತ್ರಿ ತಿರುಗಿ ಕರೆಂಟು ಮಾಡುತ್ತವೆ. ಗುಡ್ಡದ ಕೆಳಗಿನ ಮನೆಗಳಲ್ಲಿ ನಮ್ಮ ಅವ್ವಂದಿರು ಊದುಗೊಳವಿ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿರುತ್ತಾರೆ. ನೋಡುವ ಕಣ್ಣಿದ್ದವರಿಗೆ ಎರಡೂ ಒಂದೇ ನೋಟದಲ್ಲಿ ಸಿಗುತ್ತವೆ.

ಹಾಗಂತ ಊರಿಗೆ ಗ್ಯಾಸ್ ಬಂದಿಲ್ಲ ಅಂತಲ್ಲ. ಉಜ್ವಲಾ ಯೋಜನೆ 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾಯಿತು. ಅದರಲ್ಲಿ ಬಿಟ್ಟುಹೋದವರಿಗೆಂದು ರಾಜ್ಯ ಸರ್ಕಾರ ಮರುವರ್ಷ ಮುಖ್ಯಮಂತ್ರಿ ಅನಿಲ ಭಾಗ್ಯ ಎಂದು ತನ್ನದೊಂದು ಯೋಜನೆ ತಂದಿತು. ಇಡೀ ದೇಶದಲ್ಲಿ ಉಜ್ವಲಾ ಸಂಪರ್ಕ 10 ಕೋಟಿ ದಾಟಿದೆ. ಸಿಲಿಂಡರ್ ಬಂತು, ಒಲೆ ಬಂತು, ಫೋಟೋ ತೆಗೆಸಿಕೊಂಡದ್ದೂ ಆಯಿತು. ಆಮೇಲೆ? ಸರ್ಕಾರದ್ದೇ ಲೆಕ್ಕ ನೋಡ್ರಿ: ಉಜ್ವಲಾದ ಒಂದು ಮನೆ 2021-22ರಲ್ಲಿ ವರ್ಷಕ್ಕೆ ಸರಾಸರಿ 3.68 ಸಿಲಿಂಡರ್ ತುಂಬಿಸಿಕೊಂಡಿದೆ. 2024-25ರ ಹೊತ್ತಿಗೆ ಅದು ನಾಲ್ಕೂವರೆಯ ಸಮೀಪ ಬಂತು. ನಾಲ್ಕೂವರೆ ಸಿಲಿಂಡರ್‌ನಲ್ಲಿ ಐದಾರು ಮಂದಿಯ ಮನೆಯ ವರ್ಷದ ಅಡುಗೆ ಆಗುತ್ತದೆ ಎಂದು ಯಾರೂ ನಂಬಲಾರರು. ಅಂದರೆ ಗ್ಯಾಸ್ ಇದ್ದ ಮನೆಯಲ್ಲೂ ಕಟ್ಟಿಗೆ ಒಲೆ ಉರಿಯುತ್ತಲೇ ಇದೆ.

ಎಲ್ಲಿ ಉರಿಯುತ್ತದೆ? ನಮ್ಮ ಭಾಗದಲ್ಲಿ ಉತ್ತರ ಎರಡೇ. ಒಂದು ರೊಟ್ಟಿ ಒಲೆ, ಇನ್ನೊಂದು ಹಂಡೆ ಒಲೆ. ಚಾ, ಉಪ್ಪಿಟ್ಟು, ಬೀಗರು ಬಂದಾಗಿನ ಅವಸರದ ಅಡುಗೆ ಗ್ಯಾಸಿಗೆ. ದಿನದ ರೊಟ್ಟಿ ಮತ್ತು ಜಳಕದ ನೀರು ಕಟ್ಟಿಗೆಗೆ.

ರೊಟ್ಟಿಯ ವಿಷಯ ಬಂದರೆ ನಮ್ಮವರು ಸುಮ್ಮನೆ ಬಿಡುವವರಲ್ಲ. 'ಗ್ಯಾಸಿನ ಮ್ಯಾಲಿನ ರೊಟ್ಟಿ ರೊಟ್ಟಿನ ಅಲ್ಲ' ಎನ್ನುವುದು ಈ ಸೀಮೆಯ ತೀರ್ಪು. ಅದರಲ್ಲಿ ಸುಳ್ಳೂ ಇಲ್ಲ. ಬಿಳಿಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಲ್ಲಿ ನೀರು ಸವರಿ, ತಿರುವಿ, ಕಡೆಗೆ ಒಲೆಯ ಬಾಯಿಯ ಕೆಂಡದ ಮುಂದೆ ನಿಲ್ಲಿಸಿದಾಗ ಉಬ್ಬುವ ರೊಟ್ಟಿಯ ಬೆಡಗೇ ಬೇರೆ. ಗ್ಯಾಸಿನ ಸಣ್ಣ ಬರ್ನರ್ ಮೇಲೆ ದೊಡ್ಡ ಹಂಚಿಟ್ಟರೆ ನಡುವೆ ಸೀಯುತ್ತದೆ, ಅಂಚು ಹಸಿ ಉಳಿಯುತ್ತದೆ. ಆದರೆ ಇದಕ್ಕೆ ಉಪಾಯವಿಲ್ಲದೆ ಇಲ್ಲ. ದಪ್ಪ ಕಬ್ಬಿಣದ ಹಂಚು, ದೊಡ್ಡ ಬರ್ನರ್, ಮೊದಲೆರಡು ರೊಟ್ಟಿಗೆ ಸ್ವಲ್ಪ ತಾಳ್ಮೆ. ಖಾನಾವಳಿಗಳಲ್ಲಿ ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿಯನ್ನು ನಾವೇ ನಾಲ್ಕು ನಾಲ್ಕು ಕೇಳಿ ಹಾಕಿಸಿಕೊಂಡು ತಿಂದು ಬಂದಿದ್ದೇವೆ. ಅಲ್ಲಿ ರುಚಿಯ ತಕರಾರು ತೆಗೆದ ಗಂಡಸನ್ನು ನಾನಂತೂ ಕಂಡಿಲ್ಲ. ಆ ತಕರಾರು ಮನೆಯಲ್ಲಿ ಮಾತ್ರ.

ಇನ್ನು 'ರೊಟ್ಟಿಗೆ ಗ್ಯಾಸ್ ಹಚ್ಚಿದರ ಮನಿ ದಿವಾಳಿ' ಎಂಬ ಮಾತು. ಇದನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಆದರೂ ಈ ಲೆಕ್ಕಕ್ಕೆ ಏಳನೇ ಇಯತ್ತೆಯ ಗಣಿತ ಸಾಕು. ದೊಡ್ಡ ಬರ್ನರ್ ಪೂರ್ತಿ ಉರಿದರೆ ತಾಸಿಗೆ ಸುಮಾರು 170 ಗ್ರಾಂ ಗ್ಯಾಸ್ ತಿನ್ನುತ್ತದೆ. ಐದು ಮಂದಿಯ ರೊಟ್ಟಿಗೆ ದಿನಕ್ಕೆ 40 ನಿಮಿಷ ಹಿಡಿಯಿರಿ. 110 ಗ್ರಾಂ ಆಯಿತು. ಸಿಲಿಂಡರ್‌ನಲ್ಲಿ ಇರುವುದು 14.2 ಕಿಲೋ. ಲೆಕ್ಕದ ಅನುಕೂಲಕ್ಕೆ ಅದರ ದರ 900 ರೂಪಾಯಿ ಎಂದುಕೊಂಡರೆ ಕಿಲೋಕ್ಕೆ 63 ರೂಪಾಯಿ. ದಿನದ ರೊಟ್ಟಿಯ ಉರಿಗೆ ಬಿದ್ದದ್ದು ಏಳು ರೂಪಾಯಿ! ಕಟ್ಟೆಯ ಮೇಲೆ ಕೂತವರ ಗುಟ್ಕಾದ ಖರ್ಚು ಇದಕ್ಕಿಂತ ಹೆಚ್ಚಿದೆ. ಬೇಸರ ಮಾಡಿಕೊಳ್ಳಬಾರದು.

ಈಗ ಹಂಡೆಗೆ ಬನ್ನಿ. ತಲೆಗೆ ಒಂದು ಬಕೀಟು, ಅಂದರೆ 20 ಲೀಟರ್. ಐದು ಮಂದಿಗೆ 100 ಲೀಟರ್. 25 ಡಿಗ್ರಿಯ ನೀರನ್ನು 40 ಡಿಗ್ರಿಗೆ ತರಬೇಕಾದರೆ 1,500 ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಗ್ಯಾಸಿನಲ್ಲಿ ಹತ್ತಿರ ಹತ್ತಿರ 11 ಸಾವಿರ ಕಿಲೋ ಕ್ಯಾಲೊರಿ ಇದ್ದರೂ ಹಂಡೆಗೆ ತಾಗುವುದು ಅದರ ಶೇಕಡಾ 60ರಷ್ಟು. ಉಳಿದದ್ದು ಗಾಳಿಗೆ. ಹೀಗೆ ಹಂಡೆಯೊಂದಕ್ಕೇ ದಿನಕ್ಕೆ 230 ಗ್ರಾಂ, ಹದಿನಾಲ್ಕೂವರೆ ರೂಪಾಯಿ. ತಿಂಗಳಿಗೆ ಅರ್ಧ ಸಿಲಿಂಡರ್. ಚಳಿಗಾಲದಲ್ಲಿ ನೀರು ಇನ್ನೂ ತಣ್ಣಗಿರುವಾಗ ಇದು ಮೂರನೇ ಒಂದು ಪಾಲು ಏರುತ್ತದೆ. ಗೀಜರ್ ಆದರೆ ಶಾಖ ಕಡಿಮೆ ಪೋಲಾಗುತ್ತದೆ, ಆದರೂ ದಿನಕ್ಕೆ 170 ಗ್ರಾಂ ಎಲ್ಲೂ ಹೋಗುವುದಿಲ್ಲ.

ಅಂದರೆ ರೊಟ್ಟಿ ಒಲೆಯನ್ನು ಗ್ಯಾಸಿಗೆ ಬದಲಿಸುವ ಖರ್ಚು ಹಂಡೆ ಒಲೆಯನ್ನು ಬದಲಿಸುವ ಖರ್ಚಿನ ಅರ್ಧ. ಗೀಜರ್‌ಗೆ ಹೋಲಿಸಿದರೂ ಕಡಿಮೆಯೇ. ಹೊಗೆಯ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಹಂಡೆ ಒಲೆಗೆ ನಾಲ್ಕು ಕಟ್ಟಿಗೆ ತುರುಕಿ ಬೆಂಕಿ ಹಚ್ಚಿ ಎದ್ದು ಹೋಗಬಹುದು. ಆಗಾಗ ಬಂದು ಮುಂದೆ ನೂಕಿದರೆ ಆಯಿತು. ರೊಟ್ಟಿ ಒಲೆ ಹಾಗಲ್ಲ. ತಾಸುಗಟ್ಟಲೆ ಅದರ ಬಾಯಿಗೇ ಮುಖವಿಟ್ಟು ಕೂಡಬೇಕು. ಬೆನ್ನಿಗೊಂದು ಕೂಸು, ಮಗ್ಗುಲಲ್ಲಿ ಓದುವ ಹುಡುಗಿ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಕಟ್ಟಿದೆ. ಈ ಹೊಗೆ ಹಂಡೆಯದ್ದಕ್ಕಿಂತ ಹೆಚ್ಚಾಗಿ ಅಡುಗೆಮನೆಯದು.

ಹೀಗಿರುವಾಗ ನಮ್ಮ ಗಂಡಸರು ಯಾವ ಒಲೆಯನ್ನು ಮೊದಲು ಬದಲಿಸಲು ಹೊರಟಿದ್ದಾರೆ? ಹಂಡೆ ಒಲೆಯನ್ನು! ಯಾಕೆಂದರೆ ಬಿಸಿನೀರು ತಡವಾದದ್ದು ಗಂಡಸಿಗೆ ಗೊತ್ತಾಗುತ್ತದೆ, ರೊಟ್ಟಿ ಒಲೆಯ ಹೊಗೆ ಗೊತ್ತಾಗುವುದಿಲ್ಲ. ಈ ಅಂಕಣದ ತಕರಾರು ಇಷ್ಟೇ. ಮನೆಗೆ ಗ್ಯಾಸಿನ ಮೇಲೆ ಇನ್ನೊಂದಿಷ್ಟು ದುಡ್ಡು ಹಾಕುವ ಶಕ್ತಿ ಬಂದಿದ್ದರೆ ಅದು ಮೊದಲು ರೊಟ್ಟಿಗೆ ಹೋಗಲಿ. ಹಂಡೆ ಕಡೆಗೆ ನಿಲ್ಲಲಿ.

ಕಟ್ಟಿಗೆ ಪುಕ್ಕಟೆಯಲ್ಲ

'ಕಟ್ಟಿಗಿಗೇನ್ ರೊಕ್ಕ ಕೊಡ್ತೇವೇನು?' ಎಂದು ಕೇಳುವವರಿದ್ದಾರೆ. ಬಾಯಿ ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತು-ಹದಿನೈದು ಪಾಲು ಮಾತ್ರ ಹಂಡೆಗೆ ತಾಗುತ್ತದೆ, ಮಿಕ್ಕದ್ದು ಗೋಡೆಗೆ, ಆಕಾಶಕ್ಕೆ. ಅದೇ 100 ಲೀಟರ್ ನೀರಿಗೆ ದಿನಕ್ಕೆ ಮೂರು-ನಾಲ್ಕು ಕಿಲೋ ಕಟ್ಟಿಗೆ ಬೇಕು. ರೊಟ್ಟಿ ಒಲೆಯದು ಬೇರೆ. ಬಳ್ಳಾರಿ ಜಾಲಿ ಕಡಿದು ಮುಳ್ಳು ಚುಚ್ಚಿಸಿಕೊಂಡು ಹೊತ್ತು ತಂದ ಒಂದು ಹೊರೆ ಮೂರ್ನಾಲ್ಕು ದಿನಕ್ಕೆ ಬೂದಿ. ಒಂದು ಹೊರೆಗೆ ಅರ್ಧ ದಿನ ಹೋಗುತ್ತದೆ. ಅದೇ ಅರ್ಧ ದಿನ ಕಳೆ ತೆಗೆಯಲು ಹೋದರೆ ಹೆಣ್ಣಾಳಿಗೆ ಪಗಾರ ಎಷ್ಟೆಂದು ಊರಿನ ಎಲ್ಲರಿಗೂ ಗೊತ್ತು. ಆ ಪಗಾರವನ್ನು ಯಾರೂ ಕಟ್ಟಿಗೆಯ ಲೆಕ್ಕಕ್ಕೆ ಬರೆಯುವುದಿಲ್ಲ. ಮನೆಯ ಹೆಂಗಸಿನ ದುಡಿಮೆಗೆ ದರವೇ ಇಲ್ಲ ಎಂದು ಹಿಡಿದರೆ ಕಟ್ಟಿಗೆ ಪುಕ್ಕಟೆಯೇ ಸರಿ.

ಕುಳ್ಳಿನ ಕಥೆಯೂ ಅಷ್ಟೇ. ಸೆಗಣಿ ತಟ್ಟಿ ಸುಟ್ಟರೆ ಹೊಲಕ್ಕೆ ಹೋಗಬೇಕಾದ ಗೊಬ್ಬರ ಹೊಗೆಯಾಗುತ್ತದೆ, ಆಮೇಲೆ ಸೊಸೈಟಿಯ ಮುಂದೆ ಯೂರಿಯಾಕ್ಕೆ ಪಾಳಿ ಹಚ್ಚಬೇಕು. ಕುಳ್ಳಿನ ಬೂದಿ ಹೆಸರು ಕಾಳಿಗೆ ಕಲಸಿಟ್ಟರೆ ಹುಳ ಹಿಡಿಯುವುದಿಲ್ಲ, ಪಾತ್ರೆ ತಿಕ್ಕಲು ಬರುತ್ತದೆ, ಎಲ್ಲ ಸರಿ. ಅಷ್ಟು ಬೂದಿ ಹಂಡೆ ಒಲೆಯೊಂದರಿಂದಲೇ ಸಿಗುತ್ತದೆ.

ಹಾಗಾದರೆ ಹಂಡೆಯ ಬುಡಕ್ಕೆ ಏನು? ನನ್ನ ಅಭಿಪ್ರಾಯದಲ್ಲಿ ಕಟ್ಟಿಗೆಯೇ ಇರಲಿ, ಆದರೆ ಈಗಿನ ಒಲೆ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಶುರುವಾದ 'ಅಸ್ತ್ರ' ಎಂಬ ವಿಭಾಗವಿತ್ತು. ಅಲ್ಲಿಯವರು ಕುಣಿಗಲ್ ತಾಲೂಕಿನ ಉಂಗ್ರ ಸುತ್ತಿನ ಹಳ್ಳಿಗಳಲ್ಲಿ ಮನೆಮನೆ ತಿರುಗಿ, ಯಾವುದಕ್ಕೆ ಎಷ್ಟು ಕಟ್ಟಿಗೆ ಹೋಗುತ್ತದೆಂದು ತೂಗಿ ನೋಡಿದರು. ಹಳ್ಳಿ ಬಳಸುವ ಉರಿಯಲ್ಲಿ ಬಹುಪಾಲು ಅಡುಗೆಗೆ ಮತ್ತು ಜಳಕದ ನೀರಿಗೆ ಹೋಗುತ್ತಿತ್ತು. ಅಲ್ಲಿಂದ ಹುಟ್ಟಿದ್ದು 1980ರ ದಶಕದ ಅಸ್ತ್ರ ಒಲೆ. ಗಾಳಿ ಬರಲು ಜಾಳಿಗೆ, ಬೆಂಕಿಯ ಬಾಯಿಗೆ ಮುಚ್ಚಳ, ಹೊಗೆ ಹೋಗಲು ಕೊಳವೆ. ಬಾಯಿ ತೆರೆದ ಒಲೆಗಿಂತ ಅರ್ಧಕ್ಕೂ ಕಡಿಮೆ ಕಟ್ಟಿಗೆಯಲ್ಲಿ ಕೆಲಸ ಮುಗಿಯುತ್ತಿತ್ತು. ಕೇಂದ್ರ ಸರ್ಕಾರವೂ 1983ರಲ್ಲಿ ಹೊಗೆಯಿಲ್ಲದ ಒಲೆಯ ರಾಷ್ಟ್ರೀಯ ಕಾರ್ಯಕ್ರಮ ತೆಗೆದು, 2002ರಲ್ಲಿ ಕೈಬಿಟ್ಟಿತು. ಒಲೆ ಕಟ್ಟಿಕೊಟ್ಟವರು ಕೊಳವೆಯ ಮಸಿ ತೆಗೆಯುವುದನ್ನು ಹೇಳಿಕೊಡದಿದ್ದ ಕಡೆ ಅದು ಒಂದೆರಡು ವರ್ಷದಲ್ಲೇ ಕಟ್ಟಿಕೊಂಡಿತು, ಜನ ಒಡೆದು ಹಾಕಿದರು. ತಪ್ಪು ಒಲೆಯದಲ್ಲ.

ಅಡುಗೆಮನೆಯಲ್ಲಿ ಸೋತ ಆ ಒಲೆ ಹಂಡೆಗೆ ಮಾತ್ರ ಹೇಳಿ ಮಾಡಿಸಿದಂತಿದೆ. ಹಂಡೆ ಇದ್ದಲ್ಲೇ ಇರುತ್ತದೆ, ಅದರ ಸುತ್ತ ಬಿಗಿಯಾಗಿ ಮಣ್ಣು-ಇಟ್ಟಂಗಿ ಕಟ್ಟಬಹುದು. ಒಲೆಯ ಬಾಯಿ ಬಚ್ಚಲ ಗೋಡೆಯ ಆಚೆ ಹಿತ್ತಲಿಗೆ ತೆರೆದರೆ ಒಳಗೆ ಹೊಗೆಯ ಸುಳಿವೂ ಇರುವುದಿಲ್ಲ. ಸಿಮೆಂಟ್ ಕೊಳವೆಯನ್ನು ಮಾಳಿಗೆಗಿಂತ ಮೇಲೆ ಒಯ್ದು, ತಲೆಗೊಂದು ಟೊಪ್ಪಿಗೆ ಇಟ್ಟು, ವರ್ಷಕ್ಕೆ ಎರಡು ಸಲ, ಬೇಕಿದ್ದರೆ ದೀಪಾವಳಿಗೆ ನೀರು ತುಂಬುವ ಮುನ್ನ ಒಂದು ಸಲ ಮತ್ತು ಯುಗಾದಿಗೆ ಇನ್ನೊಂದು ಸಲ, ಮಸಿ ಬಡಿದರೆ ಸಾಕು. ಒಬ್ಬ ಗವಂಡಿಯ ಒಂದು ದಿನದ ಕೆಲಸ.

ಉರುವಲಿಗೂ ಜಾಲಿಯೇ ಆಗಬೇಕಿಲ್ಲ. ತೊಗರಿ ಕಟ್ಟಿಗೆ, ಗೋವಿನಜೋಳದ ಕಾಳು ಬಿಡಿಸಿದ ದಿಂಡು, ಹತ್ತಿ ಕಟ್ಟಿಗೆ ಎಲ್ಲ ನಮ್ಮ ಹೊಲದಲ್ಲೇ ಇವೆ. ಎಷ್ಟೋ ಮಂದಿ ಹೊಲದಲ್ಲೇ ಬೆಂಕಿ ಕೊಟ್ಟು ಬರುತ್ತಾರೆ. ಆದರೆ ಹತ್ತಿ ಕಟ್ಟಿಗೆಯ ಬಣವೆಯನ್ನು ಮುಂದಿನ ಬಿತ್ತಿಗೆಯ ತನಕ ಇಟ್ಟುಕೊಳ್ಳಬಾರದು. ಅದರ ಒಣ ಕಾಯಿಯೊಳಗೆ ಗುಲಾಬಿ ಹುಳ ಅಡಗಿ ಕೂತು ಹೊಸ ಬೆಳೆಗೆ ಇಳಿಯುತ್ತದೆಂದು ಕೃಷಿ ಇಲಾಖೆಯವರು ಬಡಕೊಂಡು ಹೇಳುತ್ತಿದ್ದಾರೆ. ಮಳೆಗಾಲದ ಮುಂಚೆ ಹತ್ತಿ ಕಟ್ಟಿಗೆ, ಆಮೇಲೆ ದಿಂಡು, ತೊಗರಿ ಎಂದು ಪಾಳಿ ಹಾಕಿಕೊಂಡರೆ ಒಲೆಯೂ ಉರಿದೀತು, ಹತ್ತಿಯೂ ಉಳಿದೀತು.

ಪುಕ್ಕಟೆ ಕರೆಂಟಿನ ಮಾತು

ಕಾಯಿಲ್ ಬಿಡು ಎನ್ನುವ ಗೆಳೆಯರಿಗೂ ಒಂದು ಮಾತು ಹೇಳಬೇಕು. ಗೃಹಜ್ಯೋತಿ 2023ರಲ್ಲಿ ಬಂದಾಗಿನಿಂದ 'ಇನ್ನೂರು ಯೂನಿಟ್ ಪುಕ್ಕಟೆ' ಎಂಬುದೊಂದು ಬಾಯಿಪಾಠವಾಗಿದೆ. ಅದು ಎಲ್ಲರಿಗೂ ಇನ್ನೂರಲ್ಲ. ನಿಮ್ಮ ಮನೆಯ 2022-23ರ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇಕಡಾ 10 ಮಾತ್ರ ಹೆಚ್ಚು. ತೀರ ಕಡಿಮೆ ಬಳಸುತ್ತಿದ್ದವರಿಗೆ 2024ರಲ್ಲಿ ಶೇಕಡಾ 10ರ ಬದಲು 10 ಯೂನಿಟ್ ಎಂದು ಮಾಡಿದರು. ಎರಡು ಬಲ್ಬು, ಒಂದು ಪಂಖ, ಒಂದು ಟಿವಿಯ ಮನೆಯಲ್ಲಿ ತಿಂಗಳಿಗೆ 40 ಯೂನಿಟ್ ಸುಡುತ್ತಿದ್ದರೆ ನಿಮ್ಮ ಪಾಲು 50. ಆ ಹಂಡೆಯಷ್ಟೇ ನೀರನ್ನು ಕಾಯಿಲ್‌ನಲ್ಲಿ ಕಾಯಿಸಲು ದಿನಕ್ಕೆ ಎರಡು ಯೂನಿಟ್‌ಗೆ ಸ್ವಲ್ಪ ಕಡಿಮೆ, ತಿಂಗಳಿಗೆ 55 ದಾಟುತ್ತದೆ. ಪಾಲಿಗಿಂತ ಹೆಚ್ಚಾದದ್ದಕ್ಕೆ ಹೆಸ್ಕಾಂನವರು ಬಿಲ್ ಕೊಟ್ಟೇ ಕೊಡುತ್ತಾರೆ. ಮೊದಲೇ ಎಸಿ, ಗೀಜರ್ ಇಟ್ಟುಕೊಂಡಿದ್ದ ಪ್ಯಾಟಿಯ ಮನೆಗೆ ಬಿಸಿನೀರು ಪುಕ್ಕಟೆಯಾಯಿತು, ಹಿಂದೆ ಬಡತನದಲ್ಲಿ ಕಡಿಮೆ ಸುಟ್ಟ ಮನೆಗೆ ಇಲ್ಲ. ಈ ಅನ್ಯಾಯದ ಬಗ್ಗೆ ಯಾವ ಪಕ್ಷದವರೂ ತುಟಿ ಬಿಚ್ಚಿದ್ದು ನಾನು ಕೇಳಿಲ್ಲ. ಕಾಯಿಲ್‌ನ ಪ್ಲಗ್ ತೆಗೆಯದೆ ಬಕೀಟಿಗೆ ಕೈ ಅದ್ದಿ ಪ್ರಾಣ ಕಳೆದುಕೊಂಡವರ ಸುದ್ದಿ ಬರೆಯುವ ಕೆಲಸವೂ ನಮ್ಮಂಥವರ ಪಾಲಿಗೇ ಬರುತ್ತದೆ.

ಇಷ್ಟಾಗಿಯೂ ಗ್ಯಾಸ್ ಗೀಜರ್ ಬೇಕೇ ಬೇಕು ಎನ್ನುವವರು ಇದ್ದಾರೆ. ಮನೆಯಲ್ಲಿ ವಯಸ್ಸಾದವರು ಇರಬಹುದು, ಕಟ್ಟಿಗೆ ತರುವವರೇ ಇಲ್ಲದಿರಬಹುದು. ಹಾಕಿಸಿರಿ, ಬೇಡ ಅನ್ನುವುದಿಲ್ಲ. ಆದರೆ ಬಚ್ಚಲೊಳಗೆ ಬೇಡ. ನಮ್ಮ ಬಚ್ಚಲೆಂದರೆ ಕಿಟಕಿಯಿಲ್ಲದ ಗೂಡು; ಚಳಿ ಎಂದು ಬಾಗಿಲ ಸಂದಿಗೂ ಅರಿವೆ ತುರುಕುವವರು ನಾವು. ಅಂಥಲ್ಲಿ ಗ್ಯಾಸ್ ಉರಿದರೆ ಗಾಳಿಯ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯಲೆಂದು ಗ್ಯಾಸಿಗೆ ನಾತ ಬೆರೆಸಿರುತ್ತಾರೆ. ಈ ವಿಷಕ್ಕೆ ನಾತವೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತಿ ಬಿದ್ದವರಿಗೆ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಗೀಜರ್, ಸಿಲಿಂಡರ್ ಎರಡೂ ಹೊರಗೋಡೆಗೆ ಇರಲಿ, ನೀರಿನ ಪೈಪು ಮಾತ್ರ ಒಳಗೆ ಬರಲಿ. ಬಚ್ಚಲಿಗೆ ಮೇಲೊಂದು ಗವಾಕ್ಷಿ ಇರಲಿ. ಮಾತು ಬಂತೆಂದು ಹೇಳುತ್ತೇನೆ, ಬಾಣಂತಿ ಖೋಲಿಯ ಬಾಗಿಲು ಹಾಕಿ ಮಂಚದ ಕೆಳಗೆ ಕೆಂಡ ಇಡುವುದೂ ಇದೇ ವಿಷಕ್ಕೆ ದಾರಿ. ಹಿರಿಯರು ಕೋಪಿಸಿಕೊಂಡರೂ ಸರಿ, ಬಾಗಿಲು ತೆರೆದಿರಬೇಕು.

ಗೋಬರ್ ಗ್ಯಾಸಿನ ಮಾತನ್ನು ಹಳಬರು ತೆಗೆಯುತ್ತಾರೆ. ಎರಡು ಘನ ಮೀಟರ್‌ನ ಗುಂಡಿಗೆ ದಿನಕ್ಕೆ 50 ಕಿಲೋ ಸೆಗಣಿ ಬೇಕು, ನಾಲ್ಕೈದು ದನ ಕಟ್ಟಿರಬೇಕು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದ ಮನೆಗಳಿಗೆ ಆ ದಾರಿ ಮುಚ್ಚಿದೆ. ಎಮ್ಮೆ ಕಟ್ಟಿದವರು ಯೋಚಿಸಬಹುದು, ಕೊಟ್ಟಿಗೆಯ ಪಕ್ಕ ನೀರಿದ್ದರೆ. ಸೋಲಾರ್ ನಮ್ಮ ಬಿಸಿಲಿಗೆ ಒಳ್ಳೆಯದೇ, ಆದರೆ ಕೈಯಲ್ಲಿ ಒಮ್ಮೆಗೇ ರೊಕ್ಕ ಬೇಕು, ಬೋರಿನ ಉಪ್ಪು ನೀರಿಗೆ ಕೊಳವೆ ಕಟ್ಟುವುದನ್ನೂ ನೋಡಿಕೊಳ್ಳಬೇಕು. ಮಾರ್ಚ್‌ನಿಂದ ಮೇ ತನಕವಂತೂ ಮಾಳಿಗೆಯ ಟಾಕಿಯ ನೀರೇ ಕೈ ಸುಡುತ್ತದೆ. ಆ ಮೂರು ತಿಂಗಳು ಯಾವ ಒಲೆಯೂ ಬೇಡ.

ಹಂಡೆ ಒಲೆಯನ್ನು ಕಿತ್ತೊಗೆಯಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ. ಈ ದೇಶ ಸುಡುವ ಅಡುಗೆ ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ, ಅದರಲ್ಲೂ ಕೊಲ್ಲಿ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಅಲ್ಲಿ ಗದ್ದಲವಾದರೆ ಇಲ್ಲಿ ಹೊಟ್ಟೆ ಹಿಡಿದುಕೊಳ್ಳಬೇಕು. ದಿಲ್ಲಿಯಲ್ಲಿ 2023ರ ಮಾರ್ಚ್‌ನಲ್ಲಿ ಸಿಲಿಂಡರ್ 1,103 ರೂಪಾಯಿಗೆ ಏರಿತ್ತು. ಅದೇ ಆಗಸ್ಟ್‌ನಲ್ಲಿ 200, ಚುನಾವಣೆಯ ಮುಂಚೆ 2024ರ ಮಾರ್ಚ್‌ನಲ್ಲಿ ಮತ್ತೆ 100 ಇಳಿಸಿದರು. 2025ರ ಏಪ್ರಿಲ್‌ನಲ್ಲಿ 50 ಏರಿಸಿದರು. ಉಜ್ವಲಾದವರಿಗೆ 2023ರ ಅಕ್ಟೋಬರ್‌ನಿಂದ 300 ರೂಪಾಯಿ ಸಬ್ಸಿಡಿ ಖಾತೆಗೆ ಬರುವಂತೆ ಮಾಡಿದರೂ ಮೊದಲು ಪೂರ್ತಿ ಹಣ ಎಣಿಸಬೇಕು. ಸುಗ್ಗಿಯ ಮುಂಚಿನ ತಿಂಗಳುಗಳಲ್ಲಿ ಹಾಗೆ ಎಣಿಸುವುದು ಎಷ್ಟು ಕಷ್ಟವೆಂದು ಎಣಿಸಿದವರಿಗೇ ಗೊತ್ತು.

ಸಿಲಿಂಡರ್ ಮನೆಗೆ ಬರುವ ಬಗೆಯೂ ಹೇಳತೀರದು. ಊರ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರೆ ಹೆಂಗಸರು ಹೊಲದಿಂದ ಓಡಿ ಬರಬೇಕು. ಬರದಿದ್ದರೆ ಇನ್ನೊಂದು ವಾರ. ನಮ್ಮ ಮನೆಗೇ ಒಂದು ಸಲ ರಶೀದಿಗಿಂತ ಹೆಚ್ಚಿಗೆ ಕೇಳಿದ್ದರು, ಕೇಳಿದ್ದಕ್ಕೆ 'ಹಳ್ಳಿಗೆ ಬರೂದು ಪುಕ್ಕಟೆ ಏನ್ರಿ?' ಎಂಬ ಉತ್ತರ ಸಿಕ್ಕಿತು. ಮನೆಗೆ ಮುಟ್ಟಿಸುವ ಖರ್ಚು ಸಿಲಿಂಡರ್ ದರದಲ್ಲೇ ಸೇರಿರುತ್ತದೆ, ಗೋದಾಮಿಗೆ ಹೋಗಿ ತಾವೇ ತಂದವರಿಗೆ ಅಷ್ಟು ಕಡಿತ ಮಾಡಿಕೊಡಬೇಕೆಂಬ ನಿಯಮವಿದೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಲಿ.

ಬರುವ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜತೆಗೆ ಇದನ್ನೂ ಎತ್ತಬೇಕು. ಗಾಡಿ ವಾರದ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪಂಚಾಯಿತಿಯ ಗೋಡೆಗೆ ಬರೆಸಲಿ, ಅವತ್ತಿನ ದರವನ್ನೂ ಅದರ ಕೆಳಗೆ ಬರೆಸಲಿ. ಹಂಡೆ ಒಲೆ ಕಟ್ಟುವುದನ್ನು ಊರಿನ ಇಬ್ಬರು ಗವಂಡಿಗಳಿಗೆ ಕಲಿಸಲು ಪಂಚಾಯಿತಿಗೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ. ಸಭೆಗೆ ಹೋಗುವ ಗಂಡಸರು ಅವತ್ತು ರೊಟ್ಟಿ ಬಡಿಯುವವರನ್ನೂ ಕರೆದುಕೊಂಡು ಬರಲಿ. ಯಾವ ಒಲೆ ಮೊದಲು ಎಂಬ ಪ್ರಶ್ನೆಗೆ ಅವರೇ ಉತ್ತರ ಹೇಳುತ್ತಾರೆ.